ತಪ್ಪಿಸಿದ ಎರಡು ಇಂಜೆಕ್ಷನ್

ನಮ್ಮವ್ವನಿಗೆ ಅಲರ್ಜಿ ಇದ್ದದ್ದು ರೇಷ್ಮೆ ಹುಳುವಿನದೇ. ಮಳವಳ್ಳಿ ಸೀಮೆಯಲ್ಲಿ ನಲವತ್ತು ವರ್ಷ ಹುಳ ಮೇಯಿಸಿದವಳಿಗೆ ಈಚೆಗೆ ಹುಳುಮನೆಗೆ ಕಾಲಿಟ್ಟರೆ ಎದೆ ಕಟ್ಟುತ್ತಿತ್ತು. ಬಿಡು ಅಂದರೆ ಬಿಡುವ ಹೆಂಗಸಲ್ಲ. ನಮ್ಮ ಕಡೆ ಹುಳುಮನೆಯೊಳಕ್ಕೆ ಬೀಡಿ, ಸೊಳ್ಳೆಬತ್ತಿ ಯಾವುದನ್ನೂ ಒಯ್ಯುವುದಿಲ್ಲ. ಔಷಧಿಯ ಗಾಳಿ ಸೋಕಿದರೂ ಹುಳ ಸಾಯುತ್ತವೆಂದು ಅವ್ವ ತನ್ನ ಇನ್‌ಹೇಲರನ್ನೂ ಹೊರಗೆ ಜಗುಲಿಯ ಮೇಲಿಟ್ಟೇ ಒಳಗೆ ಹೋಗುತ್ತಿದ್ದಳು.

ಮಂಡ್ಯದ ಡಾಕ್ಟರು ತಿಂಗಳಿಗೊಂದು ಇಂಜೆಕ್ಷನ್ ಶುರುಮಾಡಿದರು. ಅಲರ್ಜಿ ಎಬ್ಬಿಸುವ ಪ್ರತಿಕಾಯ ರಕ್ತದಲ್ಲಿ ಓಡಾಡುತ್ತಿರುತ್ತದೆ. ಈ ಮದ್ದು ಅದನ್ನು ಅಲ್ಲೇ ಹಿಡಿದುಹಾಕುತ್ತದೆ. ಆಗ ಜೀವಕೋಶಗಳ ಮೈಮೇಲೆ ಅದನ್ನು ಕಟ್ಟಿಕೊಳ್ಳಲು ಇರುವ ರಿಸೆಪ್ಟರುಗಳೂ ಬರಬರುತ್ತಾ ಕಡಿಮೆಯಾಗುತ್ತವೆ.

"ದನ ಇಲ್ಲದ ಕೊಟ್ಟಿಗೇಲಿ ಗೂಟ ಯಾಕೆ? ಹಾಗೆ," ಎಂದರು ಡಾಕ್ಟರು. "ಆದರೆ ಮದ್ದು ನಿಲ್ಲಿಸಿದ್ರೆ ಗೂಟ ಮತ್ತೆ ಏಳ್ತವೆ. ಇನ್‌ಹೇಲರ್ ಜೊತೇಲೇ ಇರಲಿ."

ನಾನು ಮದ್ದೂರಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಇಷ್ಟು ನನಗೆ ಗೊತ್ತಿಲ್ಲವೇ ಎಂಬ ಕೊಬ್ಬು. ಆರು ಇಂಜೆಕ್ಷನ್ ಆಗುವ ಹೊತ್ತಿಗೆ ಅವ್ವ ಏದುಸಿರಿಲ್ಲದೆ ಸೊಪ್ಪಿನ ಹೊರೆ ಹೊರುವಂತಾದಳು. ಏಳನೆಯದರ ದಿನ ಹತ್ತಿರ ಬಂದಾಗ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಜ್ವರವೆಂದರೆ ಹುಳು ಪೊರೆ ಬಿಡುವ ಕಾಲ. ನಾಲ್ಕನೆಯದು ಕಳೆದ ಮೇಲೆ ಒಂದು ಹೊತ್ತೂ ಸೊಪ್ಪು ತಪ್ಪುವಂತಿಲ್ಲ.

"ಇಂಜೆಕ್ಷನ್ ದಿನ ಬತ್ತಲ್ಲ ಕಣ್ಲಾ, ಓಗ್ಬೇಡ್ವಾ?" ಎಂದು ಅವ್ವನೇ ಕೇಳಿದಳು.

ಕರೆದುಕೊಂಡು ಹೋಗಬೇಕಾದವನು ನಾನು. ರಜೆಯೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. "ಬುಡವ್ವ, ರಿಸೆಪ್ಟರೆಲ್ಲ ಕಮ್ಮಿ ಆಗವೆ. ಒಂದ್ಸಲ ತಪ್ಪುದ್ರೆ ಏನೂ ಆಗಲ್ಲ," ಎಂದು ರೇಗಿದೆ. ಮುಂದಿನ ತಿಂಗಳೂ ಅದನ್ನೇ ಹೇಳಿದೆ.

ಅದರ ಮುಂದಿನ ಬೆಳೆಯ ಗೂಡು ಬಿಡಿಸುವ ದಿನ, ನೆರೆಯ ಹೆಂಗಸರ ನಡುವೆ ಕೂತಿದ್ದ ಅವ್ವ ಎದ್ದು ಗೋಡೆ ಹಿಡಿದಳು. ನಾನು ಜಗುಲಿಯಿಂದ ಇನ್‌ಹೇಲರ್ ತರುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು. ಮಂಡ್ಯ ಮುಟ್ಟುವವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಹಿಂದೆಂದೂ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಸಂಜೆಗೆ ಉಸಿರು ಹತೋಟಿಗೆ ಬಂತು. ಡಾಕ್ಟರು ಹಳೆಯ ಚೀಟಿ ನೋಡಿ ಸಿಟ್ಟಾದರು. "ಎರಡು ಇಂಜೆಕ್ಷನ್ ತಪ್ಪಿಸಿದ್ದೀರಿ. ಯಾರು ಬೇಡ ಅಂದಿದ್ದು?"

ಅವ್ವ ಆಕ್ಸಿಜನ್ ಮಾಸ್ಕನ್ನು ತಾನೇ ಸರಿಸಿದಳು. "ನಾನೇ ಒಲ್ಲೆ ಅಂದೆ ಕಣಪ್ಪ. ಮಗ ಕರುದ. ನಾನೇ ಬರ್ನಿಲ್ಲ."

ಅಷ್ಟು ಹೇಳಲು ಅವಳು ನಾಲ್ಕು ಸಲ ಉಸಿರೆಳೆದುಕೊಳ್ಳಬೇಕಾಯಿತು. ಡಾಕ್ಟರು ನನ್ನ ಕಡೆ ತಿರುಗಿ, ನಿಜವೇ ಎಂಬಂತೆ ನೋಡಿದರು.

ಹೌದು ಸಾರ್, ಎಂದೆ.