ಭಂಡಾರ ಎತ್ತಿದ ಮೇಲೆ

ಕೊರೊನಾ ಅಬ್ಬರ ಇಳಿದ ಮರುವರ್ಷ ನಾನು ಸೊಲ್ಲಾಪುರದ ವಿಜಾಪುರ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ವಿಭಾಗದ ಸಮಾಲೋಚಕಿಯಾಗಿದ್ದೆ. ಔಷಧಿ ಡಾಕ್ಟರು ಬರೆಯುತ್ತಿದ್ದರು. ಮನೆಗೆ ಹೋದ ರೋಗಿ ಮತ್ತೆ ಬಾಟಲಿಗೆ ಕೈ ಹಾಕದಂತೆ ದಾರಿ ಹುಡುಕುವುದು ನನ್ನ ಪಾಲಿಗೆ ಬರುತ್ತಿತ್ತು. ಬರೆಯುವುದೇ ಸುಲಭದ ಕೆಲಸ ಎಂದು ನಾನು ಡಾಕ್ಟರ ಎದುರಿಗೇ ಅನ್ನುತ್ತಿದ್ದೆ. ಪಾಪ, ಅವರು ನಗುತ್ತಿದ್ದರು.

ಮಾಳಪ್ಪ ನಮ್ಮಲ್ಲಿಗೆ ಬಂದಾಗ ರಕ್ತ ಕಾರಿದ್ದ. ಸಲಗರ ಬುದ್ರುಕ ಎಂಬ ಹಳ್ಳಿಯ ಕುರಿ ಸಾಕುವ ಮನೆತನದವನು, ನಲವತ್ತರ ಆಸುಪಾಸು. ಲಿವರ್ ಕೆಟ್ಟು, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದಿದ್ದವು. ಮತ್ತೊಮ್ಮೆ ಒಡೆದರೆ ಜೀವ ಉಳಿಯುವುದು ಕಷ್ಟ, ಒಂದು ಹನಿಯೂ ಕೂಡದು ಎಂದು ಡಾಕ್ಟರು ಅವನ ಹೆಂಡತಿ ಸುರೇಖಾಳ ಎದುರು ಹೇಳಿದರು. ಆಕೆ ಅಳಲಿಲ್ಲ. "ಮುಂದ ಏನ್ ಮಾಡಬೇಕು, ಅದನ್ನ ಹೇಳ್ರಿ ಮ್ಯಾಡಂ" ಎಂದು ನನ್ನತ್ತ ತಿರುಗಿದಳು.

ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ವಾರವಾರ ಸೇರಿ ಮಾತಾಡುವ ಗುಂಪುಗಳಿವೆ. ಎಲ್ಲರೂ ಅದಕ್ಕೆ ಮೀಟಿಂಗ್ ಎನ್ನುತ್ತಾರೆ. ಫೀಜು ಇಲ್ಲ, ಉಪದೇಶವಿಲ್ಲ. ಒಬ್ಬರು ತಮ್ಮ ಕಥೆ ಹೇಳಿದರೆ ಉಳಿದವರು ಕೇಳುತ್ತಾರೆ, ಕೇಳಿದ್ದು ಹೊರಗೆ ಹೋಗುವಂತಿಲ್ಲ. ಸೊಲ್ಲಾಪುರದ ಮೀಟಿಂಗಿಗೆ ಮಾಳಪ್ಪನನ್ನು ಕಳಿಸಿದೆ. ಮುಖ ಗಂಟಿಕ್ಕಿಕೊಂಡು ವಾಪಸ್ ಬಂದ. "ಅಲ್ಲಿ ಬರೇ ಮರಾಠಿರಿ. ನನಗ ಬರತೈತಿ, ಕುರಿ ಮಾರಾಕ ಸಾಕಾಗ್ತೈತಿ. ಇಂಥಾದ್ದು ಹೇಳಾಕ ಸಾಲಂಗಿಲ್ಲ" ಎಂದ. ಮಾತು ಖರೆಯಿತ್ತು. ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸಿದ ಮೇಲೆ ಅಕ್ಕಲಕೋಟದಲ್ಲಿ, ಭಾನುವಾರ ಮಧ್ಯಾಹ್ನ ಶಾಲೆಯೊಂದರ ಕೋಣೆಯಲ್ಲಿ, ಕನ್ನಡ ಮಾತಾಡುವವರ ಗುಂಪು ಕೂಡುತ್ತದೆಂದು ತಿಳಿಯಿತು. ಬಸ್ ಬದಲಿಸಿ ಅಷ್ಟು ದೂರ ಹೋಗಬೇಕು. ಅವನಿಗೆ ಅದೇ ಹಿತವೆನಿಸಿತು, ಊರಿನವರ ಕಣ್ಣು ಅಲ್ಲಿರುವುದಿಲ್ಲವಲ್ಲ. ಗುಂಪಿನ ಹಿರಿಯ ಅಣ್ಣಾರಾವ್, ನಿವೃತ್ತ ಬಸ್ ಡ್ರೈವರ್, ಅವನನ್ನು ತಮ್ಮ ಪಕ್ಕದಲ್ಲೇ ಕೂಡಿಸಿಕೊಳ್ಳುತ್ತಿದ್ದರು. ಮಾಳಪ್ಪ ಮೈ ತುಂಬಿಕೊಂಡ, ಮನೆಯಲ್ಲಿ ನಗತೊಡಗಿದ.

ಮಗ ಸುಧಾರಿಸಿದ್ದು ಕಂಡು ತಾಯಿಗೆ ಹಿಗ್ಗೋ ಹಿಗ್ಗು. ಕುಲದೇವರು ಬೀರೋಬಾನ ಗುಡಿಗೆ ಕರೆದೊಯ್ದು ಭಂಡಾರ ಎತ್ತಿಸಿದಳು. ಭಂಡಾರವೆಂದರೆ ದೇವರ ಅರಿಶಿನ ಪುಡಿ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತು ಮುರಿದರೆ ಮನೆಗೂ ಕುರಿಹಿಂಡಿಗೂ ಕೇಡು ಎಂಬ ನಂಬಿಕೆ. ಸಾಯುವತನಕ ಮುಟ್ಟುವುದಿಲ್ಲ ಎಂದು ಮಾಳಪ್ಪ ಊರವರ ಮುಂದೆ ಹೇಳಿದ. ಮರುವಾರದಿಂದ ಮೀಟಿಂಗಿಗೆ ಹೋಗುವುದು ನಿಂತಿತು.

ಫೋನ್ ಮಾಡಿದರೆ ಸುರೇಖಾ ನನಗೇ ಸಮಾಧಾನ ಹೇಳಿದಳು. "ದೇವರಿಗಿ ಮಾತ ಕೊಟ್ಟ ಮ್ಯಾಲ ಮತ್ತ ಮಂದಿ ಮುಂದ ಯಾಕ ಕೂಡಬೇಕ್ರಿ? ದೇವರ ಮ್ಯಾಲ ನಂಬಿಕಿ ಇಲ್ಲಂದಂಗ ಆಗತೈತಿ."

ನಾನೂ ದೇವರನ್ನು ನಂಬುವವಳೇ. ಆದರೂ ನನಗೆ ಸಮಾಧಾನವಾಗಲಿಲ್ಲ. ಮೀಟಿಂಗಿನಲ್ಲಿ ಇವತ್ತೊಂದು ದಿನ ಕುಡಿಯಬೇಡ ಎನ್ನುತ್ತಾರೆ. ಎಡವಿದವನು ಮುಂದಿನ ವಾರ ಬಂದು ಎಡವಿದೆ ಎನ್ನಬಹುದು. ಸಾಯುವತನಕದ ಮಾತು ಕೊಟ್ಟವನು ಎಡವಿದರೆ ಎಲ್ಲಿಗೆ ಹೋಗಬೇಕು?

ಕೆಲವು ತಿಂಗಳ ನಂತರ ತಪಾಸಣೆಗೆ ಬಂದವನ ಕಣ್ಣು ಹಳದಿಯಾಗಿತ್ತು. ಸುರೇಖಾ ಔಷಧಿ ತರಲು ಕೆಳಗಿಳಿದಾಗ ಬಾಗಿಲು ಮುಂದೆ ಮಾಡಿ ಕೇಳಿದೆ. ಸಂತೆಯಲ್ಲಿ ಒಮ್ಮೆ ಕುಡಿದೆ, ಆಮೇಲೆ ಕದ್ದು ಕದ್ದು ನಡೆದಿದೆ ಎಂದ. "ಆ ವಾರನ ಮಗಳಿಗಿ ಜ್ವರ ಬಂತ್ರಿ. ನನ್ನಿಂದನ ಬಂತು. ಯಾರ ಮುಂದ ಹೇಳ್ಲಿ? ಅಂಜಿಕಿಗೆ ಮತ್ತ ಕುಡೀತೀನಿ."

ನನಗೆ ವಿಪರೀತ ಸಿಟ್ಟು ಬಂತು, ಯಾರ ಮೇಲೆಂದು ಇವತ್ತಿಗೂ ತಿಳಿದಿಲ್ಲ. ರೋಗಿ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಹೆಂಡತಿಗೆ ಹೇಳುವ ಅಧಿಕಾರ ನನಗಿರಲಿಲ್ಲ. ಸುಮ್ಮನಿದ್ದರೆ ಅವನು ಸಾಯುತ್ತಿದ್ದ. ಅಕ್ಕಲಕೋಟದಲ್ಲಿ ತಿಂಗಳಿಗೊಮ್ಮೆ ಮನೆಯವರೂ ಕೂಡಬಹುದಾದ ಓಪನ್ ಮೀಟಿಂಗ್ ನಡೆಯುತ್ತಿತ್ತು. ಸುರೇಖಾಳನ್ನು ಕರೆದುಕೊಂಡು ಬಾ, ಮಾತಾಡಲೇಬೇಕೆಂದೇನಿಲ್ಲ ಎಂದು ಅವನನ್ನು ಒಪ್ಪಿಸಿದೆ. ನಾನೂ ಜೊತೆಗೆ ಬರುತ್ತೇನೆಂದ ಮೇಲೆ ಸುರೇಖಾಳೂ ಹೊರಟಳು.

ಅಂದು ಅಣ್ಣಾರಾವ್ ಮೊದಲು ಮಾತಾಡಿದರು. ಮಗಳ ತಲೆ ಮುಟ್ಟಿ ಆಣೆ ಮಾಡಿ, ಅದನ್ನು ಮುರಿದು, ವರ್ಷಗಟ್ಟಲೆ ಬಚ್ಚಿಟ್ಟಿದ್ದನ್ನು ನಿಧಾನವಾಗಿ ಹೇಳಿದರು. ಹೇಳಿ ಕೂತರು. ಮಾಳಪ್ಪ ಹೆಂಡತಿಯ ಕಡೆ ನೋಡಲಿಲ್ಲ, ನೆಲ ನೋಡುತ್ತ ಎದ್ದು ನಿಂತ.

"ಭಂಡಾರ ಎತ್ತಿ ಕುಡದೀನಿ. ನಿನ್ನೆನೂ ಕುಡದೀನಿ."

ಸುರೇಖಾ ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು. ನಾನು ಹಿಂದೆಯೇ ಹೋದೆ. ವರಾಂಡದ ಕಂಬ ಹಿಡಿದು ನಿಂತಿದ್ದಳು. "ಸುಳ್ಳ ಹೇಳಿದ್ರ ಚಲೋ ಇತ್ತು ಮ್ಯಾಡಂ. ಈಗ ದೇವರಿಗಿ ಏನ್ ಹೇಳ್ಲಿ?" ಹಿಂದೆ ಬಂದು ನಿಂತಿದ್ದ ಅಣ್ಣಾರಾವ್ ಮೆಲ್ಲಗೆ ಹೇಳಿದರು:

"ದೇವರಿಗಿ ಮೊದಲ ಗೊತ್ತಿತ್ತವ್ವ. ಗೊತ್ತಿಲ್ಲದಾಕಿ ನೀ ಒಬ್ಬಾಕಿ ಇದ್ದಿ."

ಆಕೆ ಒಳಗೆ ಬರಲಿಲ್ಲ. ವಾಪಸ್ ಬಸ್ಸಿನಲ್ಲಿ ಗಂಡನ ಪಕ್ಕ ಕೂಡಲೂ ಇಲ್ಲ. ಮುಂದಿನ ಭಾನುವಾರ ಅವನೊಬ್ಬನೇ ಅಕ್ಕಲಕೋಟಕ್ಕೆ ಹೋದ. ಆಕೆ ಮತ್ತೆ ಜೊತೆಗೆ ಹೊರಡಲು ಬಹಳ ದಿನ ಹಿಡಿಯಿತು.

ನಾನು ನಿವೃತ್ತಳಾಗುವಾಗ ಮಾಳಪ್ಪ ಬದುಕಿದ್ದ. ನಡುವೆ ಮತ್ತೆ ಕುಡಿದಿದ್ದ, ಆದರೆ ಪ್ರತಿ ಸಲವೂ ಹೋಗಿ ಹೇಳಿದ್ದ. ಇದನ್ನು ಗೆಲುವೆಂದು ಕರೆಯುವ ಧೈರ್ಯ ನನಗಿಲ್ಲ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾಗುವವರನ್ನು "ಇನ್ನು ಕುಡಿಯೋದಿಲ್ಲ ತಾನೇ?" ಎಂದು ಕೇಳುವುದನ್ನು ಆ ಭಾನುವಾರದ ನಂತರ ಬಿಟ್ಟೆ. ಅದಕ್ಕೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ. "ಕುಡಿದರೆ ಯಾರಿಗೆ ಹೇಳ್ತೀರಿ?" ಎಂದು ಕೇಳತೊಡಗಿದೆ. ಒಂದು ಹೆಸರು ಬಾಯಿಂದ ಬರುವತನಕ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ.