ಎರಡು ಕೋಣೆಯ ಹೊಸ ಶಾಲೆ

ಇತವಾರಿ ಪೇಟೆಯ ಪಾಲಿಕೆ ಶಾಲೆಗೆ ನಾನು ಟೀಚರಾಗಿ ಸೇರಿದಾಗ ಅಲ್ಲಿದ್ದದ್ದು ಒಂದೇ ದೊಡ್ಡ ಕೋಣೆ. ನಡುವೆ ಕಬ್ಬಿಣದ ಕಪಾಟು ನಿಲ್ಲಿಸಿ ಈಚೆ ನಾನು ಮೂರನೇ ತರಗತಿ, ಆಚೆ ಒಬ್ಬ ಮರಾಠಿ ಟೀಚರು ನಾಲ್ಕನೇ ತರಗತಿ ನಡೆಸುತ್ತಿದ್ದೆವು. ಅವರು ಪದ್ಯ ಹೇಳಿಸಿದರೆ ನನ್ನ ಮಕ್ಕಳೂ ಹಾಡುತ್ತಿದ್ದರು. ಧಾರವಾಡದವಳಾದ ನನ್ನಿಂದ ಆ ಟೀಚರು ಒಂದಿಷ್ಟು ಕನ್ನಡ ಕಲಿತಿದ್ದರು. ಬಿಡುವಿನ ಹೊತ್ತಿಗೆ, "ಜಲ್ದಿ ಬರ್ರಿ ಅಕ್ಕೋರ, ಚಹಾ ಆರತೈತಿ" ಎಂದು ಕಪಾಟಿನಾಚೆಯಿಂದ ಕೂಗುವರು. ಈ ಮರಾಠಿ ಊರಲ್ಲಿ ಮನೆಯ ಹೊರಗೆ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡ ಅದೊಂದೇ.

ಹೊಸ ಕಟ್ಟಡ ಬೇಕೆಂದು ಇಬ್ಬರೂ ಸೇರಿ ಎಷ್ಟೋ ಸಲ ಕಚೇರಿಗೆ ಅಲೆದೆವು. ಕೊನೆಗೂ ಮಂಜೂರಾಗಿ, ಪಕ್ಕದ ಖಾಲಿ ಜಾಗದಲ್ಲಿ ಎರಡು ಕೋಣೆ ಎದ್ದವು. ಅಷ್ಟರಲ್ಲಿ ಮಕ್ಕಳು ಕಡಿಮೆಯಾಗಿದ್ದರು. ಇಷ್ಟು ಮಕ್ಕಳಿಗೆ ಒಬ್ಬರೇ ಟೀಚರು ಸಾಕೆಂದು ಆ ಮರಾಠಿ ಟೀಚರನ್ನು ಊರಿನ ಇನ್ನೊಂದು ತುದಿಯ ಶಾಲೆಗೆ ವರ್ಗ ಮಾಡಿದರು. ಹೊರಡುವ ದಿನ ಅವರು ಹೊಸ ಗೋಡೆಯನ್ನು ಅಂಗೈಯಿಂದ ತಟ್ಟಿ, "ಚಲೋ ಗಟ್ಟಿ ಐತಿ. ಇನ್ನ ನಿಮ್ಮ ಪಾಠಕ್ಕ ಯಾರೂ ಅಡ್ಡ ಬರೂದಿಲ್ಲ" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಈಗ ಎರಡೂ ತರಗತಿಯ ಮಕ್ಕಳನ್ನು ನಾನೇ ಒಂದು ಕೋಣೆಯಲ್ಲಿ ಕೂರಿಸಿಕೊಳ್ಳುತ್ತೇನೆ. ಇನ್ನೊಂದು ಕೋಣೆಯಲ್ಲಿ ಫ್ಯಾನು, ಬೋರ್ಡು, ಬೆಂಚು ಎಲ್ಲವೂ ಇದೆ, ಬಾಗಿಲಿಗೆ ಬೀಗ ಹಾಕಿದೆ. ರವಿವಾರ ಕೆಲವೊಮ್ಮೆ ಅವರು ಫೋನ್ ಮಾಡುತ್ತಾರೆ. ಅವರ ಶಾಲೆಯಲ್ಲಿ ಟೀಚರುಗಳು ಬೇಕಾದಷ್ಟಿದ್ದಾರೆ, ಕೋಣೆ ಸಾಲುತ್ತಿಲ್ಲ, ಬೇವಿನ ಮರದಡಿ ಇಬ್ಬಿಬ್ಬರು ಒಟ್ಟಿಗೆ ಪಾಠ ಮಾಡುತ್ತಾರಂತೆ. ಬಿಸಿಲು ಬಹಳ ಎಂದು ಅವರು ಗೊಣಗುವಾಗ, ಆ ಮರದಡಿ ನನಗೂ ಒಂದಿಷ್ಟು ಜಾಗ ಸಿಗಬಾರದೇ ಅನಿಸುತ್ತದೆ.