ಅತ್ತೆಯ ಬಲಗೈ

ಬಟಾಣಿ ಸುಲಿಯುತ್ತಿದ್ದೆ, ವಿಡಿಯೊ ಕರೆ ಬಂತು. ಪಾರ್ಶ್ವವಾಯುವಿನಿಂದ ಅತ್ತೆಯ ಬಲಗೈ ಬಿದ್ದುಹೋದಾಗಿನಿಂದ ಮೈಸೂರಿನ ಫಿಸಿಯೊಥೆರಪಿ ಡಾಕ್ಟರಮ್ಮ ಹೀಗೇ ವ್ಯಾಯಾಮ ಹೇಳಿಕೊಡುತ್ತಾರೆ. ನೀಲಗಿರಿ ಬೆಟ್ಟದ ನಡುವಟ್ಟಂ ಹತ್ತಿರದ ನಮ್ಮ ಹಳ್ಳಿಗೂ ಫೈಬರ್ ಕೇಬಲ್ ಬಂದದ್ದು ದೇವರ ದಯೆ.

"ಅಜ್ಜಿಗೆ ಊಟ ಯಾರು ಮಾಡಿಸ್ತೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ನಾನೇ ತುತ್ತು ಕೊಡ್ತೀನಿ ಮೇಡಂ. ಒಂದು ಹೊತ್ತೂ ತಪ್ಪಿಸಿಲ್ಲ," ಎಂದೆ ಹೆಮ್ಮೆಯಿಂದ.

"ಅಯ್ಯೋ, ತಪ್ಪಿಸ್ಬೇಕಿತ್ತು! ಸೋತ ಕೈಗೇ ಕೆಲಸ ಕೊಟ್ರೆ ಅದು ಮತ್ತೆ ಕಲಿಯುತ್ತೆ ಅಂತಾರೆ ಈಗಿನ ಸಂಶೋಧಕರು. ಅಜ್ಜಿ, ನಿಮ್ಮ ಪಕ್ಕದ ಆ ಲೋಟ ಎತ್ತಿ ನೋಡೋಣ."

ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ನಡುಗುವ ಬಲಗೈಯಲ್ಲೇ ಲೋಟವನ್ನು ತುಟಿಯವರೆಗೂ ಎತ್ತಿದರು!

"ಇವಳು ಟೀ ಎಲೆ ಕೀಳಕ್ಕೆ ಹೋದಾಗ ಎತ್ತೀನಿ ಕಣವ್ವಾ. ಇವಳ ಮುಂದೆ ಚೆಲ್ಲಿದ್ರೆ, ಈಗ್ತಾನೇ ಒರೆಸಿದ ನೆಲ ಅಂತ ಸಿಡುಕ್ತಾಳೆ."

ಬೇಗ ಉಣ್ಣಿಸಿ ಪೂಜೆಗೆ ಕೂರುವ ನನ್ನ ಅವಸರವನ್ನೇ ನಾನು ಸೇವೆ ಅಂದುಕೊಂಡಿದ್ದೆ. ನನಗೆ ಹೆದರಿ, ಕದ್ದುಮುಚ್ಚಿಯಾದರೂ ಅತ್ತೆ ಆ ಕೈಯನ್ನು ಉಳಿಸಿಕೊಂಡರಲ್ಲ, ಅಷ್ಟೇ ಪುಣ್ಯ. ಮಧ್ಯಾಹ್ನ ತಟ್ಟೆಯನ್ನು ಅವರ ಬಲಗೈ ಪಕ್ಕಕ್ಕೆ ಸರಿಸಿಟ್ಟೆ. ಅರ್ಧ ಅನ್ನ ನೆಲಕ್ಕೆ ಬಿತ್ತು. ಅವರು ಉಂಡು ಮುಗಿಸುವವರೆಗೂ ಕಾದು, ಒರೆಸುವ ಬಟ್ಟೆ ತಂದೆ.